ಲೋಕೋದ್ಧಾರದಲ್ಲಿ ಕಳೆದುಹೋದ ಕುಸ್ವಾರ್

ಲೋಕ ಕೆಟ್ಟುಹೋಗಿದೆ ಎನ್ನುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಾನೂ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಹಾಗೆಯೇ ಹೇಳುತ್ತೇನೆ. ಹೇಳಿ, ಲೋಟ ಕೆಳಗಿಟ್ಟು ಸ್ನಾನಕ್ಕೆ ಹೋಗುತ್ತೇನೆ. ಲೋಕವೂ ತನ್ನ ಪಾಡಿಗೆ ತಾನು ಕೆಟ್ಟುಕೊಂಡಿರುತ್ತದೆ. ನಮ್ಮಿಬ್ಬರೊಳಗೆ ಜಗಳವೇ ಇಲ್ಲ. ತೊಂದರೆ ಏನಿದ್ದರೂ ಅದನ್ನು ಸರಿಮಾಡಿಯೇ ತೀರುತ್ತೇನೆಂದು ಸೊಂಟ ಕಟ್ಟಿ ನಿಂತವರಿಂದ. ಅಂಥವರು ದಿಲ್ಲಿಯಲ್ಲಿದ್ದರೆ ಪತ್ರಿಕೆಯಲ್ಲಿ ಅವರ ಫೋಟೋ ನೋಡಿ ಭೇಷ್ ಎನ್ನಬಹುದು. ಮಣ್ಣಗುಡ್ಡದ ನಮ್ಮ ಬಾಡಿಗೆ ಮನೆಯಲ್ಲೇ, ಎರಡು ಜಡೆ ಹಾಕಿಕೊಂಡು, ಹದಿನೈದನೆಯ ವಯಸ್ಸಿನಲ್ಲಿ, ನನ್ನ ಎದುರಿಗೇ ಕೂತು ಗಂಜಿ ಉಣ್ಣುತ್ತಿದ್ದರೆ ಏನು ಮಾಡುವುದು?

ನನ್ನ ಮಗಳು ಸುಲೋಚನಾ, ನಮ್ಮ ಬಾಯಲ್ಲಿ ಸುಲು, ಆಗ ಫಿಫ್ತ್ ಫಾರಮ್ಮಿನಲ್ಲಿದ್ದಳು. ರಾಜ್ಯ ಒಂದಾಗಿ ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಎಲ್ಲರಿಗೂ ಏನಾದರೂ ಕಟ್ಟುವ ಉತ್ಸಾಹ. ಅವಳ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಮಕ್ಕಳಿಗೆಲ್ಲ ಒಂದೊಂದು ನೋಟ್‌ಬುಕ್ ತರಿಸಿ, ದಿನಕ್ಕೊಂದು ಸತ್ಕಾರ್ಯ ಮಾಡಿ ಅದರಲ್ಲಿ ಬರೆಯಬೇಕೆಂದೂ ಶನಿವಾರ ಅದನ್ನು ತೋರಿಸಿ ಗುರುತು ಹಾಕಿಸಿಕೊಳ್ಳಬೇಕೆಂದೂ ಹೇಳಿದರು. ಉಳಿದ ಮಕ್ಕಳು ಬುದ್ಧಿವಂತರು. ಅವರು ಶುಕ್ರವಾರ ಸಂಜೆ ಕೂತು ಆರು ಸತ್ಕಾರ್ಯಗಳನ್ನು ಒಟ್ಟಿಗೆ ಬರೆದು ಮುಗಿಸುತ್ತಿದ್ದರಂತೆ. ನಮ್ಮ ಸುಲು ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಈ ಗುಣ ಅವಳಿಗೆ ತಂದೆಯ ಕಡೆಯಿಂದ ಬಂದದ್ದಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮೊದಲ ವಾರದಲ್ಲಿ ನನ್ನ ನಸ್ಯದ ಡಬ್ಬಿ ಬಾವಿಗೆ ಬಿತ್ತು. ಬಾವಿಯ ನೀರು ಹಾಳಾಯಿತೆಂದು ಎರಡನೆಯ ವಾರದ ಸತ್ಕಾರ್ಯವಾಗಿ ಮನೆಯವರೆಲ್ಲ ನೀರು ಕುದಿಸಿ ಕುಡಿಯಬೇಕಾಯಿತು. ಮೂರನೆಯ ವಾರ ಕೊಟ್ಟಾರದಲ್ಲಿ ನೆಂಟರ ಮನೆಯ ಉಪನಯನವೆಂದು ಜಟಕಾ ಮಾಡಿಕೊಂಡು ಹೊರಟಿದ್ದೆವು. ಏರು ಬಂದಲ್ಲಿ ಸುಲು, "ಪಾಪ, ಕುದುರೆಗೆ ಏದುಸಿರು ಬರ್ತಾ ಉಂಟು, ಎಲ್ಲ ಇಳಿಯಿರಿ" ಎಂದಳು. ಅರುವತ್ತೆಂಟರ ನನ್ನ ತಾಯಿ ಇಳಿದರು. ಪಟ್ಟೆಸೀರೆ ಉಟ್ಟಿದ್ದ ನನ್ನ ಹೆಂಡತಿ ಇಳಿದಳು. ನಾನು ಇಳಿದೆ. ಕೊನೆಗೆ ಜಟಕಾದವನನ್ನೂ ಇಳಿಸಿದಳು. ಭಾರವೆಲ್ಲ ಹೋದ ಕುದುರೆಗೆ ಎಲ್ಲಿಲ್ಲದ ಹುರುಪು ಬಂದು ಅದು ನಮ್ಮೆಲ್ಲರಿಗಿಂತ ಕಾಲು ಗಂಟೆ ಮುಂಚೆ ಕೊಟ್ಟಾರ ಮುಟ್ಟಿತು. ಏದುಸಿರು ಬಿಡುತ್ತ ಬಂದವರು ನಾವು. "ಉಪನಯನ ಕುದುರೆಗೆ ಇತ್ತಾ?" ಎಂದು ನೆಂಟರು ಕೇಳಿದರು.

ನನ್ನ ಉದ್ಯೋಗವೂ ಅವಳ ಕಣ್ಣಿಗೆ ಬಿತ್ತು. ಬಂದರಿನ ಒಂದು ಸಗಟು ವ್ಯಾಪಾರದ ಮಂಡಿಯಲ್ಲಿ ನಾನು ಪತ್ರ ಬರೆಯುವ ಗುಮಾಸ್ತ. ಸರಕು ತಡವಾದದ್ದಕ್ಕೆ ಹಡಗನ್ನು ದೂರುವುದು, ಹಡಗು ಸರಿಯಾಗಿ ಬಂದಿದ್ದರೆ ಹವೆಯನ್ನು ದೂರುವುದು, ಎರಡೂ ಸರಿಯಿದ್ದರೆ 'ತಮ್ಮ ಪತ್ರವೇ ನಮಗೆ ತಲುಪಿಲ್ಲ' ಎಂದು ಆಶ್ಚರ್ಯಪಡುವುದು, ಇದು ನನ್ನ ಇಪ್ಪತ್ತು ವರ್ಷಗಳ ಕಸುಬು. ಒಂದು ದಿನ ಸುಲು ಕೇಳಿದಳು, "ಅಪ್ಪ, ಪತ್ರ ತಲುಪದಿದ್ರೆ ಅದಕ್ಕೆ ಉತ್ತರ ಹೇಗೆ ಬರೀತೀರಿ?" ಇಪ್ಪತ್ತು ವರ್ಷಗಳಲ್ಲಿ ಯಾವ ಗಿರಾಕಿಯೂ ಕೇಳದ ಪ್ರಶ್ನೆ ಅದು. ನಾನು ಸ್ನಾನಕ್ಕೆ ಹೋದೆ.

ಇಷ್ಟೆಲ್ಲವನ್ನೂ ಸಹಿಸಿಕೊಂಡೆ. ಆದರೆ ಡಿಸೆಂಬರ್ ಬಂತು. ಸುಲುವಿನ ಕೈ ಲಿಲ್ಲಿಬಾಯಿಯ ಕುಸ್ವಾರಿಗೆ ತಾಗಿತು.

ಲಿಲ್ಲಿಬಾಯಿ, ನಮಗೆಲ್ಲ ಬರೇ 'ಬಾಯಿ', ನಮ್ಮ ನೆರೆಮನೆಯವರು, ಕೊಂಕಣಿ ಮಾತಾಡುವ ಕ್ರಿಸ್ತಿಯನ್ನರು, ಪ್ರೈಮರಿ ಶಾಲೆಯ ಟೀಚರು. ಎರಡು ಮನೆಗೂ ನಡುವೆ ಸೊಂಟದೆತ್ತರದ ಒಂದು ಕಂಪೌಂಡಿನ ಗೋಡೆ. ಆ ಗೋಡೆಗೆ ಆತುಕೊಂಡು ಅವರೂ ನನ್ನ ತಾಯಿಯೂ ದಿನಕ್ಕೆ ಎರಡು ಹೊತ್ತು ಮಾತಾಡುತ್ತಿದ್ದರು. ತಾಯಿಯ ಕೊಂಕಣಿ ಹಾಗೂ ಬಾಯಿಯ ತುಳು ಎರಡೂ ಅಷ್ಟಕ್ಕಷ್ಟೇ ಆದ್ದರಿಂದ ಮಾತು ಮುಗಿಯುತ್ತಲೇ ಇರಲಿಲ್ಲ. ಸುಲು ಹುಟ್ಟುವಾಗ ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ನರ್ಸನ್ನು ಕರೆತಂದವರು ಇದೇ ಲಿಲ್ಲಿಬಾಯಿ. ಅಂದರೆ ಸುಲುವಿನಿಂದ ಲೋಕಕ್ಕೆ ಆದ ಉಪಕಾರದಲ್ಲಿ ಅವರ ಪಾಲೂ ಇದೆ.

ಹನ್ನೆರಡು ವರ್ಷಗಳಿಂದ ಪ್ರತಿ ಕ್ರಿಸ್ಮಸಿಗೆ ಬಾಯಿ ಹಿತ್ತಾಳೆಯ ಹರಿವಾಣದಲ್ಲಿ ಕುಸ್ವಾರ್ ಜೋಡಿಸಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿ ತಾವೇ ತರುತ್ತಿದ್ದರು. ಕುಸ್ವಾರ್ ಎಂದರೆ ಹಬ್ಬದ ಕರಿದ ತಿಂಡಿಗಳ ಸೆಟ್ಟು: ಎಳ್ಳು ಕಾಯಿ ತುಂಬಿದ ನೆವ್ರಿ, ಸಕ್ಕರೆ ಪಾಕದ ಕಿಡಿಯೊ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸಿ ಕರಿಯುವ ಕೊಕ್ಕಿಸಾಂ. ನನ್ನ ತಾಯಿ, ದೇವಸ್ಥಾನದ ಪೂಜೆಯಲ್ಲೇ ಆಯುಸ್ಸು ಕಳೆದ ಭಟ್ಟರ ವಿಧವೆ, ಹರಿವಾಣವನ್ನು ಎರಡೂ ಕೈಯಲ್ಲಿ ಪಡೆದು, "ಎಂತಕ್ಕೆ ಬಾಯಿ ಇಷ್ಟೆಲ್ಲ? ಎಷ್ಟು ಚಂದ ಆಗಿದೆ!" ಎಂದು ಮನಸಾರೆ ಹೊಗಳುತ್ತಿದ್ದರು. ಹರಿವಾಣ ಬರಿದಾಗಿ ಹಿಂದೆ ಹೋಗಬಾರದಲ್ಲ, ಅದರಲ್ಲಿ ಸಕ್ಕರೆಯನ್ನೂ ಒಂದು ಚೆಂಡು ಮಲ್ಲಿಗೆಯನ್ನೂ ಇಟ್ಟು ಕಳಿಸುತ್ತಿದ್ದರು. ಕುಸ್ವಾರ್ ಮಾತ್ರ ಚಾವಡಿಯ ಹೊಸಿಲು ದಾಟುತ್ತಿರಲಿಲ್ಲ. ಕಿಟಕಿಯ ದಳಿಯ ಮೇಲೆ ಕಾಗದದಲ್ಲಿ ಕಟ್ಟಿ ಇಟ್ಟು, "ವಾಸು, ಆಫೀಸಿಗೆ ಕೊಂಡುಹೋಗು, ಯಾರಿಗಾದ್ರೂ ಕೊಡು" ಎಂದು ನನಗೆ ಹೇಳಿ, ಕೈ ತೊಳೆದು ಜಪಕ್ಕೆ ಕೂರುತ್ತಿದ್ದರು.

ಆ 'ಯಾರಾದರೂ' ನಾನೇ ಎಂದು ಈಗ ಹೇಳಲು ಅಡ್ಡಿಯಿಲ್ಲ. ಹನ್ನೆರಡು ವರ್ಷ ಮಂಡಿಯ ಹಿಂಬದಿಯಲ್ಲಿ, ಕರಿಮೆಣಸಿನ ಮೂಟೆಗಳ ಮರೆಯಲ್ಲಿ, ಯಾವ ಸಹೋದ್ಯೋಗಿಗೂ ಒಂದು ಚೂರು ಕೊಡದೆ ತಿಂದಿದ್ದೇನೆ. ಕೊಕ್ಕಿಸಾಂ ಮುರಿಯುವ ಸದ್ದು ಹೊರಗೆ ಕೇಳದಿರಲೆಂದು ಕೆಮ್ಮುತ್ತ ತಿಂದಿದ್ದೇನೆ. ಡಿಸೆಂಬರಿನಲ್ಲಿ ನನಗೆ ಕೆಮ್ಮು ಜಾಸ್ತಿಯೆಂದು ನಮ್ಮ ಧಣಿಗಳಿಗೂ ಗೊತ್ತಿತ್ತು.

ಆ ವರ್ಷ ಹಬ್ಬಕ್ಕೆ ಹತ್ತು ದಿನ ಇರುವಾಗ ಸುಲು ಶಾಲೆಯಿಂದ ಬಂದವಳೇ ಸೀದಾ ಗೋಡೆಯ ಬಳಿ ಹೋಗಿ ಲಿಲ್ಲಿಬಾಯಿಯನ್ನು ಕರೆದಳು. ಐದೇ ನಿಮಿಷ. ಒಳಗೆ ಬಂದು ಅಜ್ಜಿಯ ಎದುರು ನಿಂತು ವರದಿ ಒಪ್ಪಿಸಿದಳು.

"ಅಜ್ಜಿ, ಈ ಸಲ ನಮಗೆ ಕುಸ್ವಾರ್ ಕೊಡೋದು ಬೇಡ ಅಂತ ಬಾಯಿಗೆ ಹೇಳಿ ಬಂದೆ. ನಮ್ಮಲ್ಲಿ ಯಾರೂ ತಿನ್ನೋದಿಲ್ಲ, ನೀವು ಆಫೀಸಿಗೆ ದಾಟಿಸ್ತೀರಿ ಅಂತ ನಿಜ ಹೇಳಿದೆ. ಪಾಪ, ಅವರು ಸುಮ್ಮನೆ ಒಲೆಯ ಎದುರು ಬೇಯೋದು. ಬಡವರಿಗೆ ಕೊಟ್ರೆ ಒಳ್ಳೇದಲ್ವಾ?"

ಸತ್ಯ, ಮಿತವ್ಯಯ, ಬಡವರ ಸೇವೆ. ಒಂದೇ ಏಟಿಗೆ ಮೂರು ಸತ್ಕಾರ್ಯ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಸಾಲದು. ತಾಯಿಯ ಕೈಯಲ್ಲಿದ್ದ ಹೂವಿನ ದಾರ ಹಾಗೆಯೇ ನಿಂತಿತು. "ಬಾಯಿ ಎಂತ ಹೇಳಿದ್ರು?" ಎಂದು ಕೇಳಿದರು.

"'ಹೌದಾ ಮಗಾ' ಅಂದ್ರು. ಅಷ್ಟೇ."

ಮರುದಿನ ಗೋಡೆಯ ಬಳಿ ಬಾಯಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಾಯಿ, ಇಲ್ಲದ ಕೆಲಸ ಹುಡುಕಿಕೊಂಡು ಹಿತ್ತಿಲಿಗೆ ಹೋಗಿ, ಒಣಗಿದ ಬಟ್ಟೆಯನ್ನೇ ಎರಡೆರಡು ಸಲ ಒಣಗಹಾಕಿ, ಆ ಕಡೆಯ ಮುಚ್ಚಿದ ಬಾಗಿಲು ನೋಡಿ ಬಂದರು. ನಾಲ್ಕನೆಯ ದಿನ ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಬಿಟ್ಟೆದ್ದರು. "ಹದಿನಾರು ವರ್ಷದ ಸ್ನೇಹ ಮಾರಾಯಾ. ನಾನು ಅವರ ಕೈಯ ತಿಂಡಿ ಅಸಹ್ಯ ಅಂತ ಬಿಟ್ಟದ್ದಾ? ನನ್ನ ಆಚಾರ ನನಗೆ. ಅದನ್ನು ಅವರಿಗೆ ಹೇಗೆ ಹೇಳ್ಲಿ?" ಎಂದರು. ನನಗೂ ದುಃಖವಾಯಿತು. ತಾಯಿಯ ದುಃಖ ಎಷ್ಟು, ಕೊಕ್ಕಿಸಾಂ ಹೋದದ್ದರ ದುಃಖ ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳಲಾರೆ.

ಸುಲು ಅತ್ತಳು. ಆದರೆ ಹೇಳಿದ್ದು ಸುಳ್ಳಲ್ಲವಲ್ಲ ಎಂದು ಅಳುವಿನ ನಡುನಡುವೆ ನೆನಪಿಸುತ್ತಲೂ ಇದ್ದಳು. ಕಡೆಗೆ ಸಂಧಾನಕ್ಕೆ ನಾನೇ ಹೊರಟೆ. ಮನಸ್ಸಿನಲ್ಲೇ ಒಂದು ಕರಡು ಬರೆದುಕೊಂಡಿದ್ದೆ: ಮಗು ತಿಳಿಯದೆ ಆಡಿದ ಮಾತು, ತಾವು ಅನ್ಯಥಾ ಭಾವಿಸಬಾರದು, ಎಂದಿನಂತೆ ಸರಕು ಕಳಿಸತಕ್ಕದ್ದು. ಬಾಯಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಕೇಳಿ, ಮೆಲ್ಲಗೆ ಹೇಳಿದರು:

"ಅಮ್ಮ ತಿನ್ನುವುದಿಲ್ಲ ಅಂತ ನನಗೆ ಗೊತ್ತಿಲ್ವಾ ಭಟ್ರೇ? ಅವರ ಆಚಾರ ನಾನು ಕಾಣದ್ದಾ? ಬೇಜಾರು ಅದಕ್ಕಲ್ಲ. ಇಷ್ಟು ವರ್ಷ ಯಾರ ಬಾಯಿಗೂ ಹೋಗದೆ ಎಲ್ಲಿಯೋ ಬಿಸಾಡಿ ಹೋಯಿತೋ ಅಂತ. ನಿಮ್ಮ ಆಫೀಸಿನವರು ತಿಂದದ್ದು ಹೌದಾ?"

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. 'ನಾನೇ ತಿಂದೆ ಬಾಯಿ, ಹನ್ನೆರಡು ವರ್ಷವೂ, ಒಂದು ಪುಡಿ ಬಿಡದೆ.' ಅವರ ಬೇಸರ ಅಲ್ಲಿಗೇ ಇಳಿದುಹೋಗುತ್ತಿತ್ತು. ಆದರೆ ಗೋಡೆ ಸೊಂಟದೆತ್ತರದ್ದು, ಆಚೆ ತಾಯಿ ಇದ್ದರು. ನಾಚಿಕೆಯಿಂದ ಹೇಳುತ್ತೇನೆ, ನಾನು ಬಾಯಿಬಿಡಲಿಲ್ಲ. "ಆಫೀಸಿನವರು ತುಂಬಾ ಹೊಗಳಿದ್ರು" ಎಂದೆ. ಅದು ಸಾಲದೆನಿಸಿ, ಕಿಡಿಯೊದ ಪಾಕ ಹೋದ ವರ್ಷ ಒಂದೆಳೆ ಗಟ್ಟಿಯಾಗಿತ್ತೆಂದೂ, ನೆವ್ರಿಗೆ ಏಲಕ್ಕಿ ಹಾಕಲು ಶುರುಮಾಡಿದ ಮೇಲೆ ರುಚಿ ಏರಿತೆಂದೂ ಆಫೀಸಿನವರ ಅಭಿಪ್ರಾಯವನ್ನು ವಿವರವಾಗಿ ತಿಳಿಸಿದೆ. ಬಾಯಿ ನನ್ನ ಮುಖವನ್ನೇ ನೋಡಿದರು. "ನಿಮ್ಮ ಆಫೀಸಿನವರಿಗೆ ಒಳ್ಳೆ ನಾಲಿಗೆ ಉಂಟು" ಎಂದು ಮಾತ್ರ ಹೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಗೋಡೆಯ ಬಳಿ ಬಂದು ನನ್ನ ತಾಯಿಯನ್ನು ಕರೆದರು. "ಅಮ್ಮ, ನಾನು ಮಾಡಿ ಕೊಡೋದು ಬೇಡ. ನೀವು ನಿಮ್ಮ ಒಲೆಯಲ್ಲಿ, ನಿಮ್ಮ ಎಣ್ಣೆಯಲ್ಲಿ, ನಿಮ್ಮ ಹಿಟ್ಟಿನಲ್ಲೇ ಮಾಡಿ. ಮೊಟ್ಟೆ ಬೇಡ. ನಾನು ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಬಾಯಲ್ಲಿ ಹೇಳಿಕೊಡ್ತೇನೆ. ಬಾಯಿಮಾತಿಗೆ ಮೈಲಿಗೆ ಇಲ್ಲವಲ್ಲ?" ತಾಯಿ ಕಣ್ಣೊರೆಸಿಕೊಂಡು ನಕ್ಕರು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಕಾಣಲಿಲ್ಲ. ಬಂದರಿನ ಪಾತ್ರೆಯಂಗಡಿಯಿಂದ ಹೊಸ ಅಚ್ಚು ತರುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಿ ಆರಿಸಿ ತಂದೆ.

ಆ ಭಾನುವಾರ ದೇವರ ದೀಪ ಉರಿಯುವ ನಮ್ಮ ಅಡುಗೆಮನೆಯಲ್ಲಿ ಹಬ್ಬ. ನನ್ನ ಹೆಂಡತಿ ಹಿಟ್ಟು ಕಲಸಿದಳು, ಸುಲು ಅಚ್ಚು ಹಿಡಿದಳು, ಬಾಯಿ ಮೆಟ್ಟಿಲಲ್ಲಿ ಕೂತು, "ಅಚ್ಚು ಮೊದಲು ಕಾಯಲಿ. ಪೂರ್ತಿ ಮುಳುಗಿಸ್ಬೇಡ ಮಗಾ" ಎಂದು ಕ್ಲಾಸು ತೆಗೆದುಕೊಂಡರು. ನನ್ನ ತಾಯಿ ಮೊದಲನೆಯ ಕೊಕ್ಕಿಸಾಂ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇದನ್ನಾ ಬಾಯಿ ನಾನು ಇಷ್ಟು ವರ್ಷ ಬರೇ ಕಣ್ಣಲ್ಲಿ ನೋಡಿದ್ದು!" ಎಂದರು. ಲಿಲ್ಲಿಬಾಯಿಯ ಮುಖ ಅರಳಿತು. ಸ್ನೇಹ ಉಳಿಯಿತು. ನಾನು ಸುಮ್ಮನೆ ಇದ್ದಿದ್ದರೆ ಎಲ್ಲವೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

ಬಾಯಿ ನನ್ನ ಕಡೆ ತಿರುಗಿ, "ಭಟ್ರೇ, ತಿಂದು ನೋಡಿ. ನಿಮ್ಮ ಆಫೀಸಿನವರಿಗೆ ಹಿಡಿಸೀತಾ?" ಎಂದರು. ನಾನು ತಿಂದೆ. ತಿನ್ನುವಾಗ ಮನುಷ್ಯ ಎಚ್ಚರದಲ್ಲಿರುವುದಿಲ್ಲ.

"ಇಲ್ಲ ಬಾಯಿ, ನಿಮ್ಮದರ ಹಾಗೆ ಆಗಲಿಲ್ಲ" ಎಂದೆ. "ಮೆತ್ತಗಾಯಿತು. ಮೊಟ್ಟೆ ಬೀಳದೆ ಆ ಗರಿಗರಿ ಬರೋದಿಲ್ಲ."

ಸುಲು ಅಚ್ಚು ಹಿಡಿದ ಕೈಯನ್ನು ಮೇಲೆತ್ತಿ ನನ್ನನ್ನೇ ನೋಡಿದಳು. ನಾನು ಕೆಮ್ಮಿದೆ. ಹನ್ನೆರಡು ವರ್ಷಗಳ ಅಭ್ಯಾಸ. ಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ನನ್ನ ತಾಯಿ ಮಾತ್ರ ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ಅಲ್ಲ ವಾಸು," ಎಂದರು, "ಬಿಸಾಡ್ಲಿಕ್ಕೇ ಆದ್ರೆ ಹಟ್ಟಿಯಲ್ಲಿ ದನ ಇರ್ಲಿಲ್ವಾ? ಪ್ರತಿ ವರ್ಷ ನಿನ್ನ ಕೈಯಲ್ಲೇ ಎಂತಕ್ಕೆ ಕೊಡ್ತಿದ್ದೆ ಅಂತ ತಿಳಿದಿದ್ದೀ? ಸಣ್ಣದಿರುವಾಗಿನಿಂದ ನಿನಗೆ ಕರಿದದ್ದು ಅಂದ್ರೆ ಪ್ರಾಣ. ನನಗೆ ಗೊತ್ತಿಲ್ಲ ಅಂತ ನಿನಗೆ ಇರ್ಲಿ, ನೀನು ತಿಂದದ್ದು ನನಗೆ ಕಾಣದೆ ಇರ್ಲಿ ಅಂತ ಇದ್ದೆ." ಆಮೇಲೆ ನಿಟ್ಟುಸಿರು ಬಿಟ್ಟರು. "ಇನ್ನು ಹೇಗೆ ಕೊಡ್ಲಿ? ದೇವರ ದೀಪದ ಎದುರು ಬಾಯಿಬಿಟ್ಟು ಹೇಳಿಬಿಟ್ಟಿ."

ನನ್ನ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆಯೆಂದು ಹೇಳಿದೆ. ಅಂದಿನ ಮಟ್ಟಿಗೆ ಅಷ್ಟಾದರೂ ಸುಳ್ಳು ಹೇಳುವ ಹಕ್ಕು ನನಗಿರಲಿಲ್ಲವೇ?

ಅಂದಿನಿಂದ ಹರಿವಾಣ ಬರುವುದು ನಿಂತಿತು. ಪ್ರತಿ ಡಿಸೆಂಬರಿನಲ್ಲಿ ನಮ್ಮಲ್ಲೇ ಕೊಕ್ಕಿಸಾಂ ಆಗುತ್ತದೆ: ಶುದ್ಧ, ಸತ್ಯ, ಮೆತ್ತಗೆ. ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತೇವೆ. ನನಗೆ ಕೆಮ್ಮೇ ಬರುವುದಿಲ್ಲ. ಆ ಭಾನುವಾರದ ಸತ್ಕಾರ್ಯವೆಂದು ಸುಲು ಏನು ಬರೆದಳೆಂದು ಮುಂದಿನ ವಾರ ಕದ್ದು ನೋಡಿದೆ. 'ಇವತ್ತು ಅಪ್ಪ ನಿಜ ಹೇಳಿದರು' ಎಂದಿತ್ತು. ಪಕ್ಕದಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಗುರುತು ಹಾಕಿ, 'ಮುಂದುವರಿಸಿ' ಎಂದು ಬರೆದಿದ್ದರು.