ನಮ್ಮ ಅಡುಗೆಮನೆಯ ಜರ್ಮನರು

"ಇನ್ನ ಈ ಮನ್ಯಾಗ ಒಂದೋ ನಾ ಇರಬೇಕು, ಇಲ್ಲಾ ಜೊಂಡಿಗ ಇರಬೇಕು!"

ಅಡುಗೆಮನೆಯ ನಟ್ಟನಡುವೆ ನಿಂತು ನಾನು ಹೀಗೆ ಗರ್ಜಿಸಿದೆ. ನಿಮ್ಮ ಕಡೆ ಜಿರಳೆ ಎನ್ನುವುದನ್ನೇ ನಮ್ಮ ಕಡೆ ಜೊಂಡಿಗ ಎನ್ನುತ್ತಾರೆ. ಆ ಹೊತ್ತಿಗೆ ಅಂಥದೊಂದು ನನ್ನ ಚಹಾದ ಬಟ್ಟಲಿನಲ್ಲಿ ಈಜು ಕಲಿಯುತ್ತಿತ್ತು.

ನನ್ನ ಹೆಂಡತಿ ಶಿವಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಾಡಿಗಿ ಮನಿ ಐತ್ರಿ. ಅವು ನಿಮಗಿಂತ ಮದಲ ಬಂದು ಕುಂತಾವ. ಹೋಗೂದಾದ್ರ ಹಿಂದ ಬಂದವರ ಹೋಗಬೇಕು" ಎಂದಳು.

ಇಂಥ ಮಾತನ್ನು ಬೇರೆ ಯಾರಾದರೂ ನುಂಗಿಕೊಂಡಾರು. ನಾನು ಕರಬಸಪ್ಪ ಮಾಸ್ತರ! ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವನು. ಹಾನಗಲ್ಲಿನ ಕನ್ನಡ ಶಾಲೆಯಲ್ಲಿ ನಾನು ಕೆಮ್ಮಿದರೆ ಸಾಕು, ಕೊನೆಯ ಸಾಲಿನ ಹುಡುಗರೂ ಮಗ್ಗಿ ಶುರುಮಾಡುತ್ತಿದ್ದರು. ಅಂಥವನಿಗೆ ಆರು ಕಾಲಿನ ಹುಳವೊಂದು ಹೆಚ್ಚಾಯಿತೇ?

ಯುದ್ಧಕ್ಕೆ ಮೊದಲು ವೈರಿಯ ಗುರುತು ಹಿಡಿಯಬೇಕು. ಸಂಜೆ ಚಿಮಣಿ ಹಿಡಿದು, ಧೋತರ ಮೇಲೆ ಕಟ್ಟಿ, ಒಲೆಯ ಹಿಂದೆ ಅಂಬೆಗಾಲಿಟ್ಟೆ. ಬಚ್ಚಲಿನಿಂದ ಬರುವ ಕೆಂಪನೆಯ ದೊಡ್ಡ ಜಿರಳೆಗಳು ಇವಲ್ಲ! ಇವು ಸಣ್ಣವು, ಗೋದಿಬಣ್ಣದವು, ಕುತ್ತಿಗೆಯ ಮೇಲೆ ಎರಡು ಕಪ್ಪು ಗೆರೆ. ಟ್ರೇನಿಂಗಿನಲ್ಲಿ ವಿಜ್ಞಾನದ ಮಾಸ್ತರರು ಹೇಳಿದ್ದು ಥಟ್ಟನೆ ನೆನಪಾಯಿತು. ಈ ಜಾತಿಗೆ ಜರ್ಮನ್ ಜಿರಳೆ ಎಂದೇ ಹೆಸರು!

ಜಗತ್ತೆಲ್ಲ ಜರ್ಮನರ ಸುದ್ದಿ ತುಂಬಿದ್ದ ಕಾಲ ಅದು. ಹಾನಗಲ್ಲಿನ ಕಟ್ಟೆಗಳ ಮೇಲೂ ಎಲೆ ಅಡಿಕೆಯ ಜೊತೆ ದಿನವೂ ಯುದ್ಧ ಅಗಿಯುತ್ತಿದ್ದರು. ಆ ಜರ್ಮನರು ನನ್ನ ಒಲೆಯ ಹಿಂದೆಯೇ ಸಿಕ್ಕರೆ ನಾನು ಮೆಲ್ಲಗೆ ಮಾತಾಡಲು ಸಾಧ್ಯವೇ?

"ಏ, ಕೇಳಿಲ್ಲೆ! ಇವರು ನಮ್ಮ ಸೀಮಿಯವರಲ್ಲ! ಜರ್ಮನಿಯವರು!"

"ಯಾರ್ರೀ?"

"ಒಲಿ ಹಿಂದ ಇದ್ದವರು! ಹಗಲೆಲ್ಲಾ ಕಟಿಗಿ ಸಂದ್ಯಾಗ ಅಡಗಿ ಕುಂದ್ರತಾರ, ಕತ್ತಲಾತಂದ್ರ ಹೊರಗ ಬೀಳತಾರ. ಹಡಗಿನ ಪೆಟಿಗ್ಯಾಗ ಕದ್ದು ಕುಂತು ಬಂದ ಮಂದಿ! ಹೆಂಗಸರಂತೂ ಚೀಲಾ ಹೊತಗೊಂಡ ಅಡ್ಡಾಡತಾರ!"

"ಚೀಲದಾಗ ಏನೈತ್ರಿ?"

"ಅದು ಒಡೀತಂದ್ರ ಈ ಓಣಿನ ಮುಗೀತು ತಿಳಿ!"

ನಾನು ಹೇಳಿದ್ದು ಮೊಟ್ಟೆಯ ಚೀಲದ ಮಾತು. ಆದರೆ ನಮ್ಮ ಮನೆಗೂ ಪಕ್ಕದ ಫಕ್ಕೀರವ್ವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಅಟ್ಟದವರೆಗೆ ಏರಿ, ದಣಿದು, ಅಲ್ಲೇ ನಿಂತುಬಿಟ್ಟ ಗೋಡೆ. ಫಕ್ಕೀರವ್ವನ ಅಳಿಯ ಪಲ್ಟಣಿಗೆ ಸೇರಿ ಸಮುದ್ರ ದಾಟಿದ್ದ. ಜರ್ಮನಿ ಎಂಬ ಶಬ್ದ ಬಿದ್ದರೆ ಆಕೆ ಕುಟ್ಟುವ ಒನಕೆಯನ್ನೂ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಅವತ್ತೂ ಗೋಡೆಯಾಚೆ ಒನಕೆ ನಿಂತಿತ್ತು. ನಾನು ಗಮನಿಸಲಿಲ್ಲ.

"ಹಂಗಾರ ಮುಂದ?" ಎಂದಳು ಹೆಂಡತಿ.

"ಬೆಲ್ಲ ಬಾಳಿಹಣ್ಣ ತಿನಿಸಿ ಮನಿ ಒಳಗ ಇಟಗೋತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ!"

ಖಾಲಿ ಉಪ್ಪಿನಕಾಯಿ ಭರಣಿಯೊಂದನ್ನು ತಂದೆ. ತಳಕ್ಕೆ ಬೆಲ್ಲ ಮತ್ತು ಕಳಿತ ಬಾಳೆಹಣ್ಣು. ಹತ್ತಲು ಅನುಕೂಲವಾಗಲೆಂದು ಹೊರಗೆಲ್ಲ ಚಿಂದಿ ಸುತ್ತಿದೆ. ಇಳಿದವರು ಮತ್ತೆ ಏರಬಾರದೆಂದು ಕಂಠದೊಳಗೆ ತುಪ್ಪ ಸವರಿದೆ.

"ನಿಮ್ಮ ತಾಟಿನ ಅನ್ನಕ್ಕ ತುಪ್ಪಿಲ್ಲ, ಜೊಂಡಿಗಕ್ಕ ತುಪ್ಪ!" ಎಂದು ಆಕೆ ಹಣೆ ಬಡಿದುಕೊಂಡಳು.

ಅಲ್ಲಿಗೆ ಸುಮ್ಮನಿದ್ದರೆ ನಾನು ಮಾಸ್ತರನೇ ಅಲ್ಲ. "ಅಗಳು ಬಿದ್ದಲ್ಲೆ ಜೊಂಡಿಗ ಬರತಾವ. ಅಡಗಿಮನಿ ಸ್ವಚ್ಛ ಇಟ್ಟಿದ್ರ ಇಷ್ಟೆಲ್ಲಾ ಯಾಕ ಬೇಕಾಗತಿತ್ತು?" ಎಂದೆ.

"ಅಂದ್ರ ತಪ್ಪು ನಂದು?"

"ನಾ ಹೇಳೂದಿಲ್ಲ, ಶಾಸ್ತ್ರ ಹೇಳತೈತಿ."

ಆಕೆ ತುಪ್ಪದ ಗಡಿಗೆಯನ್ನು ಎತ್ತಿ ನೆಲುವಿನ ಮೇಲಿಟ್ಟಳು. ಹೆಂಡತಿ ಸುಮ್ಮನಾದರೆ ಗಂಡ ತಾನು ಗೆದ್ದೆ ಎಂದು ತಿಳಿಯುತ್ತಾನೆ. ದೇವರು ಗಂಡಸರಿಗೆ ಕೊಟ್ಟ ಬುದ್ಧಿ ಅಷ್ಟೇ!

ಬೆಳಗಾಗುವ ಹೊತ್ತಿಗೆ ಭರಣಿಯೊಳಗೆ ಜಾತ್ರೆ ನೆರೆದಿತ್ತು! ಅದರ ಬಾಯಿಗೆ ಬಟ್ಟೆ ಕಟ್ಟಿ, ಶಾಲೆಗೆ ಒಯ್ದು ಪ್ರತ್ಯಕ್ಷ ಪಾಠ ಮಾಡಬೇಕೆಂದು ತಲೆಗೆ ರುಮಾಲು ಸುತ್ತುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಗುದ್ದಿದ ಸದ್ದು. ತೆರೆದರೆ ಫೌಜದಾರ ಹಯಾತಸಾಹೇಬರು! ಅವರ ಹಿಂದೆ ಲಾಠಿ ಹಿಡಿದ ಪೊಲೀಸ ದ್ಯಾಮಪ್ಪ, ಅವನ ಹಿಂದೆ ಇಡೀ ಓಣಿ, ಎಲ್ಲರ ಹಿಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಫಕ್ಕೀರವ್ವ.

"ಮಾಸ್ತರ, ನಿಮ್ಮ ಮನ್ಯಾಗ ಜರ್ಮನಿ ಮಂದಿ ಅದಾರಂತ. ಖರೆ ಏನ್ರಿ?"

ನನ್ನ ಕೀರ್ತಿ ಸರಕಾರದವರೆಗೆ ಮುಟ್ಟಿದೆಯೆಂದು ನಾನು ಉಬ್ಬಿಹೋದೆ. "ಖರೇರಿ ಸಾಹೇಬ್ರ! ಆದ್ರ ಕಾಳಜಿ ಬ್ಯಾಡ. ಎಲ್ಲಾರನೂ ಹಿಡದು ಒಳಗ ಹಾಕೇನಿ!"

"ಯಾ ಅಲ್ಲಾ! ಎಷ್ಟ ಮಂದಿ?"

"ಯಾರಿಗೆ ಗೊತ್ರಿ? ಒಬ್ಬರ ಮ್ಯಾಲ ಒಬ್ಬರು ಬಿದ್ದಾರ!"

"ಜೀವಂತ ಅದಾರೋ, ಇಲ್ಲೋ?"

"ಮೀಸಿ ಕುಣಸಾಕತ್ತಾರ್ರಿ!"

ಸಾಹೇಬರ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ದ್ಯಾಮಪ್ಪ ಎರಡು ಹೆಜ್ಜೆ ಹಿಂದೆ ಸರಿದ. ನಾನು ಭರಣಿಯನ್ನು ಬಾಲಕೃಷ್ಣನಂತೆ ಎತ್ತಿ ತಂದು, ಅವರ ಮೂಗಿನ ಕೆಳಗೆ ಹಿಡಿದು, ಬಟ್ಟೆ ಬಿಚ್ಚಿದೆ. ಸಾಹೇಬರು ಬಗ್ಗಿ ನೋಡಿದರು. ಒಳಗಿದ್ದವರೂ ಮೇಲೆ ನೋಡಿದರು.

"ಇವ ಏನ್ರಿ ನಿಮ್ಮ ಜರ್ಮನಿ ಮಂದಿ?" ಎಂದು ಅವರು ಸಿಟ್ಟಿನಿಂದ ಕಂಠದೊಳಗೆ ಬೆರಳು ತೂರಿಸಿ ಭರಣಿಯನ್ನು ಕಸಿದುಕೊಂಡರು. ತುಪ್ಪದ ಕಂಠ! ಕೈ ಜಾರಿತು. ಭರಣಿ ನೆಲಕ್ಕೆ ಬಿದ್ದು ಚೂರಾಯಿತು. ಜರ್ಮನ್ ಸೇನೆ ಎಂಟೂ ದಿಕ್ಕಿಗೆ ನುಗ್ಗಿತು!

ಒಂದು ತುಕಡಿ ನೇರವಾಗಿ ಸಾಹೇಬರ ಖಾಕಿ ಚಣ್ಣದೊಳಗೆ ಏರಿತು. ಫೌಜದಾರರು ಕುಣಿಯುವುದನ್ನು ಹಾನಗಲ್ಲು ಅದೇ ಮೊದಲು ಕಂಡದ್ದು. "ಹಿಡೀರಿ! ಬಡೀರಿ!" ಎಂದು ಅವರು ಕೂಗಿದರೆ, ಪಾಪ, ದ್ಯಾಮಪ್ಪ ಲಾಠಿ ಎತ್ತಿ ಎಲ್ಲಿ ಬಡಿಯಬೇಕೆಂದು ತಿಳಿಯದೆ ಸಾಹೇಬರ ಸುತ್ತ ಪ್ರದಕ್ಷಿಣೆ ಹಾಕಿದ. ಫಕ್ಕೀರವ್ವ ಸೀರೆ ಝಾಡಿಸುತ್ತ ಓಡಿದಳು. ಓಣಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು.

ಉಳಿದ ಸೇನೆ ಅಡುಗೆಮನೆಗೆ ಹಿಂದಿರುಗಬೇಕಿತ್ತಲ್ಲವೇ? ಇಲ್ಲ! ಸಾಲುಗಟ್ಟಿ ಪಡಸಾಲೆ ದಾಟಿ, ನನ್ನ ಮಂಚದ ಕೆಳಗೆ ನುಗ್ಗಿ, ಪುಸ್ತಕದ ಪೆಟ್ಟಿಗೆಯ ಸಂದಿಯಲ್ಲಿ ಮಾಯವಾಯಿತು.

"ಪೆಟಿಗ್ಯಾಗ ಹೊಕ್ಕಾವ್ರಿ ಸಾಹೇಬ್ರ!" ಎಂದು ದ್ಯಾಮಪ್ಪ ಕೂಗಿದ.

ನಾನು ಓಡಿಹೋಗಿ ಮಂಚಕ್ಕೆ ಅಡ್ಡ ನಿಂತೆ. "ಹೋಗ್ಲಿ ಬಿಡ್ರಿ, ಅದರಾಗ ಬರೇ ಶಾಲಿ ಪುಸ್ತಕ ಅದಾವ" ಎಂದೆ. ದನಿ ಮಾತ್ರ ಪಾಠ ಬಾರದ ಹುಡುಗನ ದನಿಯಂತೆ ನಡುಗಿತು. ಅಷ್ಟು ಸಾಕಾಯಿತು. ಸಾಹೇಬರು ಚಣ್ಣ ಕೊಡವುತ್ತಲೇ ಹುಬ್ಬೇರಿಸಿದರು.

"ದ್ಯಾಮಪ್ಪಾ, ತಗೀ!"

ಮೇಲೆ ಭೂಗೋಳದ ನಕಾಶೆ. ಅದರ ಕೆಳಗೆ ವ್ಯಾಕರಣ. ವ್ಯಾಕರಣದ ಕೆಳಗೆ ಒಂದು ತಗಡಿನ ಡಬ್ಬಿ. ಡಬ್ಬಿಯ ತುಂಬ ಶೇಂಗಾದ ಉಂಡಿ! ಒಂದೊಂದು ಉಂಡಿಯ ಮೇಲೂ ಸಂಸಾರ ಸಮೇತ ಕುಳಿತ ಜರ್ಮನರು!

ಶಿವಬಸವ್ವ ಹತ್ತಿರ ಬಂದಳು. ಡಬ್ಬಿ ನೋಡಿದಳು, ನನ್ನನ್ನು ನೋಡಿದಳು.

"ನಾ ಪಂಚಮಿಗೆ ಕಟ್ಟಿದ ಉಂಡಿ ಅಲ್ರೀ ಇವು? ಇಲಿ ಒಯ್ದಾವ ಅಂದಿದ್ರಿ!"

ಅಗಳು ಬಿದ್ದಲ್ಲೇ ಜೊಂಡಿಗ ಬರುತ್ತವೆ ಎಂದಿದ್ದ ನನ್ನ ಶಾಸ್ತ್ರ ಈಗ ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು.

ಹಯಾತಸಾಹೇಬರು ಮೀಸೆ ತಿರುವಿ, ಗಂಭೀರವಾಗಿ ಕೇಳಿದರು: "ಮಾಸ್ತರ, ದುಷ್ಮನಗ ದಾನಾಪಾನಿ ಕೊಟ್ಟವರಿಗೆ ಸರಕಾರ ಏನ ಶಿಕ್ಷಾ ಕೊಡತೈತಿ, ಗೊತ್ತೈತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮೂಲೆಯ ಕಸಬರಿಗೆ ಕೈಗೆತ್ತಿಕೊಂಡಳು.

"ಸರಕಾರಕ್ಕ ಯಾಕ ತ್ರಾಸ ಸಾಹೇಬ್ರ? ನೀವು ಹೋಗಿಬರ್ರಿ. ಶಿಕ್ಷಾ ನನಗ ಬಿಡ್ರಿ!"

ಸಾಹೇಬರು ಆಕೆಯನ್ನು ನೋಡಿದರು. ಕಸಬರಿಗೆಯನ್ನು ನೋಡಿದರು. ಕೊನೆಗೆ ನನ್ನನ್ನು, ಬಹಳ ಕನಿಕರದಿಂದ ನೋಡಿದರು. ಆಮೇಲೆ ಆಕೆಗೊಂದು ಸಲಾಮು ಹೊಡೆದು, ಮಂದಿಯನ್ನೆಲ್ಲ ಹೊರಗಟ್ಟಿ, ಹೋಗುವಾಗ ಬಾಗಿಲನ್ನು ತಾವೇ ಹೊರಗಿನಿಂದ ಎಳೆದುಕೊಂಡು ಹೋದರು!