‘ತಳ್ಳಿ’ ಎಂದು ಅಪ್ಪಣೆ ಕೊಡಿಸಿದ ಕಾರ್ಯದರ್ಶಿಗಳಿಗೆ

ಕೃಷ್ಣರಾಜಪುರ, ಆಗಸ್ಟ್ ೧೯೪೬

ಬೆಂಗಳೂರು ದಂಡಿನ ಮಹಾಜನರೇ, ಹಲಸೂರಿನ ರಸಿಕರೇ, ಟಿಕೆಟ್ಟಿಲ್ಲದೆ ಮರವೇರಿ ಪಂದ್ಯ ನೋಡುವ ಪುಣ್ಯಾತ್ಮರೇ, ಸದ್ದಡಗಿಸಿ ಆಲಿಸಿ. ಈ ಪತ್ರಕ್ಕೆ ನೀವೇ ಸಾಕ್ಷಿ.

ಫುಟ್‌ಬಾಲ್ ಮೈದಾನದ ಮಾನ್ಯ ಕಾರ್ಯದರ್ಶಿಗಳೇ, ಆ ಭಾನುವಾರ ಯಾರ ಕಾಲ್ತುಳಿತಕ್ಕೂ ಸಿಕ್ಕದ ತಮ್ಮ ಪಾದಾರವಿಂದಗಳಿಗೆ ಸಾಷ್ಟಾಂಗ ಪ್ರಣಾಮಗಳು.

ಇಪ್ಪತ್ತು ವರ್ಷ ರಂಗದ ಮೇಲೆ ಯಮಧರ್ಮನಾದ ನಾನು, ಗದೆ, ಪಾಶ, ರಟ್ಟಿನ ಕೋಣ ಎಲ್ಲ ಇಟ್ಟುಕೊಂಡೂ ಆಟಕ್ಕೊಂದೇ ಜೀವ ಒಯ್ಯುತ್ತಿದ್ದೆ. ಅದನ್ನೂ ನಾಯಕಿ ಅತ್ತು ಕರೆದು ವಾಪಸು ಪಡೆಯುತ್ತಿದ್ದಳು. ತಾವಾದರೋ ಒಂದು ಬೀಗ, ಒಂದು ತಗಡಿನ ತುತ್ತೂರಿ, ಇಷ್ಟರಲ್ಲೇ ಏಳು ಮಂದಿಯನ್ನು ಕಳಿಸಿದಿರಿ. ಶಭಾಷ್!

ಗಣ್ಯರ ಮೋಟಾರಿಗೆ ಜನ ಅಡ್ಡಬಾರದಿರಲೆಂದು ಪೂರ್ವದ ಗೇಟಿಗೆ ಬೀಗ ಜಡಿಸಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಬೀಗ ಕಾಣದಷ್ಟು ಹಿಂದೆ ನಾವು ಹಳ್ಳಿಯವರು ನಿಂತಿದ್ದೆವು. ಆಗ ತಾವು ಒಳಗಿನ ಅಟ್ಟಣೆಯೇರಿ ತುತ್ತೂರಿಯಲ್ಲಿ ‘ತಳ್ಳಿ! ತಳ್ಳಿ!’ ಎಂದು ಮೊಳಗಿದಿರಿ. ನನ್ನ ಮುಂದಿದ್ದ ಗೆಳೆಯ, ಸೊಪ್ಪು ಬೆಳೆಯುವ ಚಿಕ್ಕಮುನಿಯಪ್ಪ, ತಿರುಗಿ, “ಗೇಟು ಸಿಕ್ಕಾಕ್ಕೊಂಡೈತಂತೆ ಕಣಣ್ಣೋ, ಸಾಹೇಬ್ರೇ ತಳ್ಳಿ ಅಂತಾವ್ರೆ, ಕೊಡು ಭುಜ” ಎಂದ. ಇಷ್ಟು ಮರ್ಯಾದೆಯಿಂದ, ಬಹುವಚನದಲ್ಲಿ, ಯಾವ ಅಧಿಕಾರಿಯೂ ನಮಗೆ ಹಿಂದೆಂದೂ ಅಪ್ಪಣೆ ಕೊಟ್ಟಿರಲಿಲ್ಲ. ತಳ್ಳಿದೆವು. ನಾನೂ ತಳ್ಳಿದೆ, ಯಮನ ಮೈಯಿಂದಲೇ ತಳ್ಳಿದೆ. ಜನದ ಸೆಳೆತ ಚಿಕ್ಕಮುನಿಯಪ್ಪನನ್ನು ಬೀಗದವರೆಗೂ ಒಯ್ದಿತು. ಅಲ್ಲಿಂದ ಮುಂದೆ ದಾರಿಯಿರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಸೋಡಾ ಮಾರುವ ಸನಾವುಲ್ಲಾ ಅರ್ಥ ಬಿಡಿಸಿದ: ತಾವು ಕೂಗಿದ್ದು ತಮಿಳಂತೆ, ಅದರಲ್ಲಿ ‘ತಳ್ಳಿ ಪೋ’ ಎಂದರೆ ದೂರ ಸರಿ ಎಂದಂತೆ. ‘ಪೋ’ ಮಾತ್ರ ತಮ್ಮ ತುತ್ತೂರಿಯೊಳಗೇ ಉಳಿದಿತ್ತು.

ಈಗ ವಿಚಾರಣಾ ಸಮಿತಿಗೆ, ಹಳ್ಳಿಯ ಪುಂಡರು ಎಚ್ಚರಿಕೆ ಕೇಳಿಯೂ ನುಗ್ಗಿ ತಮ್ಮ ತಪ್ಪಿನಿಂದಲೇ ಸತ್ತರೆಂದು ಬರೆದುಕೊಟ್ಟಿದ್ದೀರಂತೆ. ಬೀಗದ ಸುದ್ದಿಯೇ ಇಲ್ಲವಂತೆ. ಗಂಡನ ಹೆಸರಿನ ಮುಂದೆ ‘ಪುಂಡ’ ಎಂದು ಅಚ್ಚಾಗುವುದನ್ನು ಚಿಕ್ಕಮುನಿಯಪ್ಪನ ಹೆಂಡತಿ ದೊಡ್ಡಮುನಿಯಮ್ಮ ಒಪ್ಪಳು. ಆದಕಾರಣ ಪ್ರಾರ್ಥನೆ: ಸತ್ತ ಏಳು ಮಂದಿಗೂ ತಮಿಳು ಪಾಠ ಹೇಳಿಸಿ, ಅವರು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಆಪಾದನೆ ಹೊರಿಸಬೇಕು. ಕೊನೆಯವರೆಗೂ ಅಲುಗದೆ ಕರ್ತವ್ಯ ನಿರ್ವಹಿಸಿದ ಬೀಗಕ್ಕೊಂದು ಪದಕವನ್ನೂ ದಯಪಾಲಿಸಬೇಕು.

ತಮ್ಮ ತುತ್ತೂರಿಯ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ ತಮ್ಮ ವಿಶ್ವಾಸಿ,
ಪಿಳ್ಳಪ್ಪ

ಮರೆತ ಮಾತು: ನಾಳೆ ಬೆಳಿಗ್ಗೆ ಹತ್ತಕ್ಕೆ ದೊಡ್ಡಮುನಿಯಮ್ಮನೊಡನೆ ವಿಚಾರಣೆಗೆ ಬರುತ್ತೇನೆ. ನಾನೂ ತಳ್ಳಿದೆನೆಂದು ಮೊದಲು ಹೇಳಿ, ಆಮೇಲೆ ಬೀಗದ ಮಾತೆತ್ತುತ್ತೇನೆ. ಬಾಗಿಲಲ್ಲಿ ನಮ್ಮನ್ನು ಕಂಡು ತಾವು ‘ತಳ್ಳಿ’ ಎಂದೀರಿ, ಜೋಕೆ. ನಮಗಿನ್ನೂ ಕನ್ನಡವೊಂದೇ ಬರುತ್ತದೆ.