ಅತ್ತೆಗೊಂದು ಸಣ್ಣ ಆಂಪ್ಲಿಫೈಯರ್

ನಮ್ಮ ಸೋದರತ್ತೆಗೆ ಆಂಪ್ಲಿಫೈಯರ್ ಬೇಕಂತೆ! ಈ ಸುದ್ದಿ ಕೇಳಿ ಹುಲ್ಲಹಳ್ಳಿಯಲ್ಲಿ ನಗದವರೇ ಇಲ್ಲ. ಕಬಿನಿ ಹೊಳೆಗೆ ಬಾಯಾರಿಕೆಯಾಗಿದೆ ಎಂದಿದ್ದರೆ ಬೇಕಾದರೂ ನಂಬುತ್ತಿದ್ದರೋ ಏನೋ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವರು ನಮ್ಮತ್ತೆ. ಮೈದಾನದಲ್ಲಿ ನಿಂತು ‘ಸಾವಧಾನ್!’ ಎಂದರೆ ಮಕ್ಕಳ ಮಾತು ಹಾಗಿರಲಿ, ಆಚೆ ರಸ್ತೆಯಲ್ಲಿ ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದವರೂ ಕಾಲು ಜೋಡಿಸಿ ನಿಲ್ಲುತ್ತಿದ್ದರು. ‘ವಿಶ್ರಾಮ್’ ಅನ್ನುವವರೆಗೂ ಕದಲುತ್ತಿರಲಿಲ್ಲ. ಇಂಥ ಗಂಟಲಿಗೆ ಯಂತ್ರದ ಹಂಗೇಕೆ?

ಗಂಟಲಿಗಲ್ಲ ಸ್ವಾಮಿ, ಮೌತ್ ಆರ್ಗನ್ನಿಗೆ!

ನಿವೃತ್ತಿಯ ದಿನ ಅತ್ತೆಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸೀಟಿಯನ್ನು ಮಾತ್ರ ವಾಪಸ್ ಇಸಿದುಕೊಂಡರು. ಅದು ಸ್ಟಾಕ್ ರಿಜಿಸ್ಟರಿನಲ್ಲಿತ್ತಂತೆ! ಮೂವತ್ತು ವರ್ಷ ಊದಿ ಅಭ್ಯಾಸವಾದ ಬಾಯಿ ಸುಮ್ಮನಿದ್ದೀತೇ? ವಾರ ಕಳೆಯುವುದರೊಳಗೆ ನಂಜನಗೂಡಿಗೆ ಹೋಗಿ ಒಂದು ಮೌತ್ ಆರ್ಗನ್ ತಂದರು. ಮೊಬೈಲ್ ನೋಡಿಕೊಂಡು ತಾವೇ ಕಲಿಯತೊಡಗಿದರು. ಮೊದಲ ತಿಂಗಳು ಬೀದಿಯ ನಾಯಿಗಳು ದನಿಗೂಡಿಸಿದವು. ಎರಡನೆಯ ತಿಂಗಳು ನಾಯಿಗಳು ಸೋತು ಬೇರೆ ಬೀದಿಗೆ ಹೋದವು. ಅತ್ತೆ ಸೋಲಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ, ಎದುರುಮನೆಯವರು ಟಿ.ವಿ. ಸೌಂಡು ತಗ್ಗಿಸಿ ಕಿಟಕಿ ತೆರೆದಿಟ್ಟು ಕೂರುವಂತಾಯಿತು. ಅರವತ್ತು ದಾಟಿದ ಮೇಲೆ ಸರಿಗಮ ಶುರು ಮಾಡಿ ಇಷ್ಟು ಸಾಧಿಸಿದವರು ನಿಮ್ಮ ಬಂಧುಗಳಲ್ಲಿ ಯಾರಾದರೂ ಇದ್ದರೆ ಹೇಳಿ. ಇರಲಾರರು. ನಾನು ವಿಚಾರಿಸಿದ್ದೇನೆ!

ಮೊದಲ ಕಚೇರಿ ಕಳಲೆಯಲ್ಲಿ, ನಮ್ಮ ನೆಂಟರ ಮಗುವಿನ ನಾಮಕರಣದ ದಿನ. ಅತ್ತೆ ಹೊಸ ಸೀರೆ ಉಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣುಮುಚ್ಚಿ ನುಡಿಸಿದರು. ಅತ್ತ ಪಾತ್ರೆಗಳ ಸದ್ದು, ಇತ್ತ ಮಗುವಿನ ಅಳು, ನಡುವೆ ಬಡಿಸುವವರ ‘ಅನ್ನ, ಅನ್ನ, ಸಾರು, ಸಾರು’. ಮೂರನೆಯ ಹಾಡು ಮುಗಿದಾಗ ಪಕ್ಕದಲ್ಲಿದ್ದ ಹಣ್ಣುಹಣ್ಣು ಮುದುಕಿಯೊಬ್ಬರು ಅತ್ತೆಯ ಮೊಣಕೈ ತಿವಿದರು.

“ಅದ್ಯಾವಾಗಿಂದ ಒಬ್ಳೇ ಕೂತ್ಕಂಡು ಮುಸುಕಿನ ಜೋಳ ತಿಂತಾ ಇದ್ದೀಯಲ್ಲವ್ವಾ, ನಮ್ಗೂ ಒಂದು ಕೊಡಬಾರ್ದಾ?”

ಅತ್ತೆ ಊಟ ಮಾಡದೆ ಎದ್ದು ಬಂದರು. ನನ್ನ ಸ್ಕೂಟರಿನ ಹಿಂದೆ ಕೂತು ಹುಲ್ಲಹಳ್ಳಿ ತಲುಪಿದರು. ಇಳಿಯುವಾಗ, “ಭಾನುವಾರ ರೆಡಿಯಾಗಿರು. ಆಂಪ್ಲಿಫೈಯರ್ ತರೋಕೆ ಹೋಗ್ಬೇಕು” ಎಂದರು. ನನಗೆ ರಜೆಯಿದೆಯೇ ಎಂದು ಕೇಳುವ ಪದ್ಧತಿ ಅವರಲ್ಲಿಲ್ಲ.

ನಂಜನಗೂಡಿನ ಮೈಕ್‌ಸೆಟ್ ಅಂಗಡಿಯವನು ಹೊಟ್ಟೆ ಬಿಟ್ಟುಕೊಂಡು ಫೋನು ನೋಡುತ್ತಿದ್ದ. ಅತ್ತೆಯನ್ನು ಕಂಡದ್ದೇ ಎದ್ದು ನಿಂತು ಹೊಟ್ಟೆಯನ್ನು ಒಳಕ್ಕೆಳೆದುಕೊಂಡ. ಹಳೆಯ ಶಿಷ್ಯ! ನಾವು ಅಂಗಡಿಯಲ್ಲಿದ್ದ ಅಷ್ಟು ಹೊತ್ತೂ ಪಾಪ, ಅದನ್ನು ಹಾಗೆಯೇ ಹಿಡಿದುಕೊಂಡಿದ್ದ.

“ನೋಡಪ್ಪ, ಕಂಕುಳಲ್ಲಿಟ್ಕಂಡು ಬಸ್ ಹತ್ತೋ ಹಂಗಿರ್ಬೇಕು. ಕರೆಂಟ್ ಕೇಳಬಾರ್ದು. ರಸ್ತೇಲಿ ನುಡಿಸಿದ್ರೂ ಕೇಳಿಸ್ಬೇಕು. ನನ್ ಪೆನ್ಷನ್ ಅಳ್ಳಾಡಬಾರ್ದು,” ಎಂದು ಅತ್ತೆ ಷರತ್ತುಗಳನ್ನು ಮುಂದಿಟ್ಟರು.

ಅವನು ಮೊದಲು ತೋರಿಸಿದ್ದು ಕೆಂಪು, ನೀಲಿ ದೀಪ ಮಿನುಗುವ ಸ್ಪೀಕರು. ಅತ್ತೆ ಒಂದು ಸ್ವರ ಊದಿದರು. ಪೆಟ್ಟಿಗೆಯೊಳಗಿಂದ ಅದೇ ಸ್ವರ ಮೂರು ಸಲ ಬಂತು.

“ಎಕೋ ಐತೆ ಮೇಡಂ, ಸ್ಪೆಶಲ್ಲು!” ಎಂದ ಶಿಷ್ಯ.

“ನಾನು ಬಂದಿರೋದು ಒಬ್ಳು. ಇದು ಮೂರು ಜನದ ಹಾಜರಿ ಹಾಕ್ತಾ ಅದೆ. ತೆಗೀ ಅತ್ಲಾಗೆ!”

ಎರಡನೆಯದು ತಳ್ಳುಗಾಡಿಯವರು ನೇತುಹಾಕಿಕೊಳ್ಳುವಂಥ ಮೈಕು. ಹಗುರ, ಅಗ್ಗ, ದನಿಯೂ ಜೋರು. ಅತ್ತೆಗೆ ಹಿಡಿಸಿಯೇ ಬಿಟ್ಟಿತು. ಕಣ್ಣುಮುಚ್ಚಿ ಒಂದು ಹಳೆಯ ಹಾಡಿನ ಪಲ್ಲವಿ ನುಡಿಸಿ ಚರಣಕ್ಕೆ ಬಂದರು ನೋಡಿ, ಕೈ ಯಾವ ಗುಂಡಿಗೆ ತಗುಲಿತೋ, “ಈರುಳ್ಳೀ, ಬೆಳ್ಳುಳ್ಳೀ, ನಾಟಿ ಬೆಳ್ಳುಳ್ಳೀ!” ಎಂದು ಮೈಕು ಅರಚಿಕೊಂಡಿತು. ಯಾರೋ ವಾಪಸ್ ಕೊಟ್ಟ ಮಾಲು, ರೆಕಾರ್ಡ್ ಅಳಿಸಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ಚೀಲ ಹಿಡಿದು ಒಳಗೇ ಬಂದರು. “ಎಂಗೆ ಕೊಟ್ರಿ ಕೇಜಿ?”

ಅತ್ತೆಯ ಮುಖ ನೋಡಿ ನಾನು ನಗಲಿಲ್ಲ. ಆ ಸಂಯಮಕ್ಕೆ ನನಗೆ ಯಾರೂ ಶಾಲು ಹೊದಿಸಿಲ್ಲ.

“ಟಿ. ನರಸೀಪುರದಾಗೆ ಒಬ್ರು ರೇಡಿಯೋ ರಿಪೇರಿ ಮಾಡೋರವ್ರೆ ಮೇಡಂ. ಅವ್ರನ್ ಕೇಳಿ,” ಎಂದು ಶಿಷ್ಯನೇ ದಾರಿ ತೋರಿದ. ನಾವು ಮೆಟ್ಟಿಲಿಳಿದ ಮೇಲೆ ಉಸಿರು ಬಿಟ್ಟಿರಬೇಕು.

ಮುಂದಿನ ಭಾನುವಾರ ಬೆಳಿಗ್ಗೆ ಟಿ. ನರಸೀಪುರ. ಬಸ್‌ಸ್ಟ್ಯಾಂಡಿನ ಹತ್ತಿರ ಬಾಗಿಲಗಲದ ಅಂಗಡಿ. ಒಳಗೆ ಬಿಚ್ಚಿಟ್ಟ ರೇಡಿಯೋಗಳ ನಡುವೆ ದಪ್ಪ ಕನ್ನಡಕದ ಹಿರಿಯರೊಬ್ಬರು. ಅತ್ತೆಯ ಷರತ್ತುಗಳನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು.

“ನಿಮ್ಗೆ ಸೌಂಡ್ ಬೇಕಾ ಮೇಡಂ, ಸ್ವರ ಬೇಕಾ?”

ಅತ್ತೆಗೇ ತಿರುಗಿ ಪ್ರಶ್ನೆ ಹಾಕಿದ ಅಂಗಡಿಯವರನ್ನು ನಾನು ಅದೇ ಮೊದಲು ನೋಡಿದ್ದು! ಅತ್ತೆ ಕೈಚೀಲದಿಂದ ಮೌತ್ ಆರ್ಗನ್ ತೆಗೆಯುತ್ತ ಮೆಲ್ಲಗೆ, “ಸ್ವರ,” ಎಂದರು.

ಆ ಹಿರಿಯರು ಅಟ್ಟದಿಂದ ಟಿಫನ್ ಕ್ಯಾರಿಯರಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಇಳಿಸಿದರು. ಗಿಟಾರ್ ಕಲಿಯುವವರು ಮನೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಆಂಪ್ಲಿಫೈಯರ್, ಯಾರೋ ಬಳಸಿ ಮಾರಿದ್ದು. ಸೆಲ್ಲು ಹಾಕಿದರೆ ಕರೆಂಟೂ ಬೇಡ. ಒಂದು ಸಣ್ಣ ಮೈಕನ್ನು ಮೌತ್ ಆರ್ಗನ್ನಿನ ಜೊತೆ ಬೊಗಸೆಯಲ್ಲಿ ಹೇಗೆ ಹಿಡಿಯಬೇಕೆಂದು ತೋರಿಸಿದರು. ಅತ್ತೆ ಊದಿದ್ದೇ ತಡ, ‘ಕುಂಯ್ಞ್’ ಎಂದು ಕಿವಿ ಹರಿಯುವ ಶಬ್ದ.

“ಪೆಟ್ಟಿಗೆ ಎದುರಿಗೆ ನಿಲ್ಬೇಡಿ ಮೇಡಂ. ಮೈಕೂ ಸ್ಪೀಕರೂ ಮುಖ ಮುಖ ನೋಡ್ಕಂಡ್ರೆ ಜಗಳ. ಹಿಂದ್ಗಡೆ ಬನ್ನಿ,” ಎಂದು ಎರಡು ತಿರುಪುಗಳನ್ನು ತಗ್ಗಿಸಿದರು. “ಇದು ಕೀಚಲು ಕಮ್ಮಿ ಮಾಡ್ತದೆ. ಇದು ಸಿಟ್ಟು ಕಮ್ಮಿ ಮಾಡ್ತದೆ. ಈಗ ಊದಿ, ಮೆಲ್ಲಗೆ.”

ಅತ್ತೆ ಮೆಲ್ಲಗೆ ಊದಿದರು. ಸ್ವರ ದುಂಡಗೆ, ಬೆಚ್ಚಗೆ ಹೊರಬಂತು. ಅಂಗಡಿಯ ಮುಂದೆ ಎಳನೀರು ಕೊಚ್ಚುತ್ತಿದ್ದವನ ಮಚ್ಚು ಎತ್ತಿದಲ್ಲೇ ನಿಂತಿತು.

ಆದರೆ ಪರೀಕ್ಷೆಯಿಲ್ಲದೆ ಪಾಸು ಮಾಡುವವರೇ ಅತ್ತೆ? “ನೀನು ರಸ್ತೇಲಿ ನಡ್ಕಂಡು ಹೋಗು. ಕೇಳ್ಸೋದು ನಿಂತಾಗ ಕೈ ಎತ್ತು,” ಎಂದು ನನಗೆ ಆಜ್ಞೆಯಾಯಿತು. ನಾನು ಹೆಜ್ಜೆ ಎಣಿಸುತ್ತ ಹೊರಟೆ. ಇಪ್ಪತ್ತು, ಕೇಳುತ್ತಿದೆ. ನಲವತ್ತು, ಇನ್ನೂ ಕೇಳುತ್ತಿದೆ! ಅರವತ್ತಕ್ಕೆ ಮಸುಕಾಯಿತು. ಕೈ ಎತ್ತಿದೆ. ಮೈಸೂರಿನ ಬಸ್ಸೊಂದು ಗಕ್ಕನೆ ನನ್ನ ಪಕ್ಕದಲ್ಲೇ ನಿಂತಿತು.

“ಅತ್ತಿ ಸಾ, ಬೇಗ ಅತ್ತಿ!” ಎಂದ ಕಂಡಕ್ಟರ್.

“ಇಲ್ಲಪ್ಪ, ನಾನು ಮೌತ್ ಆರ್ಗನ್ ಕೇಳಿಸ್ತಾ ಇದೆಯಾ ಅಂತ…”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಏನ್ಸಾ, ಬೆಳಬೆಳಿಗ್ಗೇನೇ!”

ಓಡಿ ಬಂದು ವರದಿ ಒಪ್ಪಿಸಿದೆ. ಅತ್ತೆ, “ಅರವತ್ತು ಹೆಜ್ಜೆನಾ? ಧಾರಾಳ ಆಯ್ತು,” ಎಂದು ಹಣ ಎಣಿಸಿಕೊಟ್ಟು ಪೆಟ್ಟಿಗೆಯನ್ನು ಕಂಕುಳಿಗೇರಿಸಿದರು. ನಾನು ಸ್ಕೂಟರಿನತ್ತ ತಿರುಗಿದರೆ, ಅವರು ಎದುರು ದಿಕ್ಕಿಗೆ ನಡೆಯತೊಡಗಿದ್ದರು. “ಬಾ, ಇಲ್ಲೇ ಒಂದು ಮನೆಗೆ ಹೋಗೋದದೆ.”

ಎರಡು ಬೀದಿ ದಾಟಿ, ಮಹಡಿಮನೆಯೊಂದರ ಎದುರು ಬೇವಿನ ಮರದ ಕೆಳಗೆ ನಿಂತೆವು. ಮಹಡಿಯ ಕಿಟಕಿ ಮುಚ್ಚಿತ್ತು. ಅತ್ತೆ ಅದನ್ನೇ ನೋಡುತ್ತ ಹೇಳಿದರು.

“ಅಲ್ಲಿರೋಳು ನಮ್ ಸ್ಕೂಲಿನ ಖೋಖೋ ಟೀಮಿನ ಕ್ಯಾಪ್ಟನ್ ಆಗಿದ್ದೋಳು ಕಣೋ. ಅವ್ಳಷ್ಟು ಜೋರಾಗಿ ಓಡೋಳು ನನ್ ಕೈಗೆ ಇನ್ನೊಬ್ಳು ಸಿಗ್ಲಿಲ್ಲ. ಹೋದ ವರ್ಷ ಆಕ್ಸಿಡೆಂಟಲ್ಲಿ ಎರಡು ಕಾಲೂ ಹೋಯ್ತು. ಅವತ್ತಿಂದ ಆ ರೂಮಲ್ಲಿ ಕೂತವ್ಳು ಯಾರ ಮುಖಾನೂ ನೋಡಲ್ಲ ಅಂತಾಳಂತೆ. ನಾನು ಮೂರು ಸಲ ಬಂದೆ. ಮೂರು ಸಲಾನೂ ಅವ್ರಮ್ಮ ಕಣ್ಣಲ್ಲಿ ನೀರು ಹಾಕ್ಕಂಡು ಬಾಗ್ಲಲ್ಲೇ ಕಳ್ಸಿದ್ರು. ಇಲ್ಲಿಂದ್ಲೇ ಕೂಗಿ ನೋಡ್ದೆ. ನಾನು ಕೂಗಿದ್ರೆ ಬೈದಂಗೇ ಕೇಳಿಸ್ತದೆ. ಸಮಾಧಾನದ ಮಾತು ನಂಗೆ ಬರೋದೇ ಇಲ್ಲ. ಅದ್ಕೆ…”

ಕಳಲೆಯ ಅವಮಾನಕ್ಕಾಗಿ ಈ ಓಡಾಟವೆಲ್ಲ ಎಂದುಕೊಂಡಿದ್ದ ನಾನು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಕಿಟಕಿಯತ್ತ ತಿರುಗಿಸಿದೆ. ಅತ್ತೆ ಅದರ ಹಿಂದೆ ನಿಂತು ನುಡಿಸಿದರು. ಬೈಕುಗಳು ಹೋದವು, ಆಟೋ ಹೋಯಿತು. ಒಂದು ಹಾಡು ಮುಗಿಯಿತು. ಕಿಟಕಿ ಹಾಗೆಯೇ ಇತ್ತು. ಅತ್ತೆ ಇನ್ನೊಂದು ಹಾಡು ಎತ್ತಿಕೊಂಡರು. ಮೂರನೆಯದರ ನಡುವೆ ಕಿಟಕಿಯ ಒಂದು ಬಾಗಿಲು ತೆರೆಯಿತು. ಗಾಲಿಕುರ್ಚಿಯ ಹಿಡಿ, ಒಂದು ಕೈ, ಆಮೇಲೆ ಒಂದು ಸೊರಗಿದ ಮುಖ.

ಅವಳು ಕೆಳಗೆ ಬಗ್ಗಿ ನೋಡಿದಳು.

“ಬೀದೀಲಿ ಯಾಕ್ ನಿಂತಿದ್ದೀರಿ ಮೇಡಂ?” ಎಂದಳು. “ಮೇಲೆ ಬನ್ನಿ.”

ಅತ್ತೆ ಮೈಕನ್ನು ನನ್ನ ಕೈಗೆ ತುರುಕಿ, ಸೆರಗಿನಲ್ಲಿ ಮುಖ ಒತ್ತಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿಹೋದರು. ನಾನು ಪೆಟ್ಟಿಗೆಯ ಪಕ್ಕ ಮರದ ಕೆಳಗೇ ಉಳಿದೆ. ಸೊಪ್ಪು ಮಾರುವವನೊಬ್ಬ ಸೈಕಲ್ ನಿಲ್ಲಿಸಿ, “ಯಾರು ಸಾ ಅದು ಊದ್ತಿದ್ದಿದ್ದು?” ಎಂದ.

“ನಮ್ಮ ಸೋದರತ್ತೆ,” ಎಂದೆ.

ಅವನು ಕೇಳಿದ್ದು ಒಂದೇ ಸಲ. ನಾನು ಎರಡು ಸಲ ಹೇಳಿದೆ.